ಮನೆಗೊಂದು ಬೆಲ್ಲ, ಮಂಡಿಗೊಂದು ಬೆಲ್ಲ



ಆಲೆಮನೆ ಇರುವ ಊರಿನವರಿಗೆ ನಾನು ಈಗ ಹೇಳುವ ಸಂಗತಿ ಹೊಸದಲ್ಲ. ಹೋದ ಸಾಲಿನಲ್ಲಿ ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ಕುಳಿತಿದ್ದೆ. ಬೆಳಗಿನಿಂದ ಕೊಪ್ಪರಿಗೆ ಮೇಲೆ ಕೊಪ್ಪರಿಗೆ ಇಳಿಯುತ್ತಿತ್ತು. ಪಾಕ ಹದಕ್ಕೆ ಬರುವ ಮುಂಚೆ ಬೆಲ್ಲ ಕಾಯಿಸುವಾತ ಪ್ರತಿ ಸಲವೂ ತಗಡಿನ ಡಬ್ಬಿಗೆ ಕೈ ಹಾಕಿ ಬಿಳಿ ಪುಡಿ ತೆಗೆದು ಎರಚುತ್ತಿದ್ದ. ಕಪ್ಪಗಿದ್ದ ಪಾಕ ನೋಡನೋಡುತ್ತಿದ್ದ ಹಾಗೇ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಸಂಜೆ ಕೊನೆಯ ಕೊಪ್ಪರಿಗೆಗೆ ಮಾತ್ರ ಅವನು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಯಾಕಪ್ಪ ಅಂದೆ. ‘ಅಣ್ಣಾ, ಇದು ಯಜಮಾನ್ರ ಮನೇಗೆ. ಮನೇಗೆ ಪುಡಿ ಹಾಕಂಗಿಲ್ಲ’ ಅಂದ.

ಆ ಯಜಮಾನನನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಮಗಳ ಬಾಣಂತನಕ್ಕೆ ನಾನೂ ಹೀಗೇ ಒಂದು ಅಡಿಗೆ ಬೇರೆ ಕಾಯಿಸಿದವನು. ಅದೇ ವಾರ ಮಂಡಿಗೆ ಹೊತ್ತುಹಾಕಿದ ಅಚ್ಚಿಗೆಲ್ಲ ಪುಡಿ ಬಿದ್ದಿತ್ತು. ಆ ಬೆಲ್ಲವನ್ನೂ ಯಾವುದೋ ಊರಿನ ಯಾವುದೋ ಬಾಣಂತಿ ತಿಂದಿರುತ್ತಾಳೆ ಎಂಬ ಯೋಚನೆ ಅವತ್ತು ಬರಲಿಲ್ಲ. ಈಗ ಬಂದಿದೆ. ಬಂದದ್ದರಿಂದ ಈ ತಿಂಗಳ ಸಂಪಾದಕೀಯವನ್ನು ಆ ಡಬ್ಬಿಯ ಮೇಲೇ ಬರೆಯುತ್ತಿದ್ದೇನೆ.

ಆ ಪುಡಿಯ ಹೆಸರು ಹೈಡ್ರೋಸ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುವ ಸಾಮಾನು ಅದು. ಊಟಕ್ಕೆಂದು ತಯಾರಾದದ್ದಲ್ಲ. ಮೂಟೆಯಲ್ಲಿ ಅದರ ಜೊತೆಗೆ ಇನ್ನೇನು ಕಲ್ಮಶ ಇದೆ ಎಂದು ನಮ್ಮಲ್ಲಿ ಯಾರೂ ನೋಡಿದವರಿಲ್ಲ. ಕುದಿಯುವ ಪಾಕಕ್ಕೆ ಬಿದ್ದರೆ ಗಂಧಕದ ಡೈಆಕ್ಸೈಡ್ ಎಂಬ ಅನಿಲ ಎದ್ದು ಬಣ್ಣ ಕಳೆಯುತ್ತದೆ. ಕೊಪ್ಪರಿಗೆ ಬಳಿ ನಿಂತವನಿಗೆ ಮೂಗು ಉರಿದು ಕೆಮ್ಮು ಬರುವುದು ಇದರಿಂದಲೇ. ಒಂದಷ್ಟು ಅನಿಲ ಆವಿಯಾಗಿ ಹೋಗುತ್ತದೆ, ಒಂದಷ್ಟು ಬೆಲ್ಲದಲ್ಲಿ ಉಳಿಯುತ್ತದೆ. ಎಷ್ಟು ಹೋಯಿತು ಎಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೂ ಸರಿಯಾಗಿ ತಿಳಿಯುವುದಿಲ್ಲ. ಸಾಲದ್ದಕ್ಕೆ ಆ ಬಣ್ಣ ನಿಲ್ಲುವುದೂ ಇಲ್ಲ. ಕೆಲವು ತಿಂಗಳು ದಾಸ್ತಾನು ಇಟ್ಟರೆ ಮತ್ತೆ ಕಪ್ಪಾಗುತ್ತದೆ, ಬೆಲ್ಲ ನೀರೊಡೆಯುತ್ತದೆ.

ಹಾಗಿದ್ದೂ ಯಾಕೆ ಹಾಕುತ್ತೇವೆ? ಸುಳ್ಳು ಹೇಳುವುದು ಬೇಡ, ರೇಟಿಗೆ ಹಾಕುತ್ತೇವೆ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಕುರಿಕಟ್ಟು, ಬಾಕ್ಸ್ ಎಂದು ಬೆಲ್ಲಕ್ಕೆ ಹೆಸರುಂಟು. ಆದರೆ ಬೆಲೆ ಕಟ್ಟುವುದು ಕಣ್ಣು. ಒಂದು ವರ್ಷ ಹಟ ಮಾಡಿ, ಬರೀ ಸುಣ್ಣ ಮತ್ತು ಬೆಂಡೆ ಲೋಳೆಯಲ್ಲಿ ಮಡ್ಡಿ ತೆಗೆದ ಬೆಲ್ಲ ಮಾಡಿಸಿ ಮಂಡಿಗೆ ಹೊತ್ತುಹಾಕಿದೆ. ಮಂಡಿಯವರು ಅಚ್ಚನ್ನು ಮುರಿದು ನೋಡಿದರು, ಬಾಯಿಗೆ ಹಾಕಿಕೊಳ್ಳಲೂ ಇಲ್ಲ. ‘ಗೌಡ್ರೇ, ಬಣ್ಣ ಇಲ್ವಲ್ಲ. ಇದನ್ನ ಯಾರು ಕೇಳ್ತಾರೆ?’ ಅಂದರು. ಪಕ್ಕದ ರಾಶಿಗಿಂತ ಕಡಿಮೆಗೆ ಹೋಯಿತು ನನ್ನ ಬೆಲ್ಲ. ಅವರ ಕೈಯಲ್ಲಿ ನನ್ನ ಮುಂಗಡದ ಚೀಟಿ ಇತ್ತು. ನಾಟಿಗೆ, ಗೊಬ್ಬರಕ್ಕೆ, ಕಡಿಯುವ ಕೂಲಿಗೆ ಅವರ ಹಣವೇ ಬಂದಿತ್ತು. ಮುಂಗಡ ಕೊಟ್ಟವನು ಕೇಳಿದ ಬಣ್ಣ ಕೊಡದೆ ಎಲ್ಲಿಗೆ ಹೋಗಲಿ? ಮರು ವರ್ಷ ನಾನೂ ಡಬ್ಬಿ ತಂದೆ.

ಆದ್ದರಿಂದ ಬಂಧುಗಳೇ, ಈ ಪುಡಿಯ ಮೂಲ ಆಲೆಮನೆಯಲ್ಲಿಲ್ಲ, ಸಾಲದ ಚೀಟಿಯಲ್ಲಿದೆ. ಮೈಷುಗರ್ ಕಾರ್ಖಾನೆ ನಿಂತು ನಿಂತು ನಡೆದ ವರ್ಷಗಳನ್ನು ನೆನೆಸಿಕೊಳ್ಳಿ. ಕಬ್ಬು ಗದ್ದೆಯಲ್ಲೇ ಹೂ ಬಿಟ್ಟು ಒಣಗುವಾಗ ಕೈ ಹಿಡಿದದ್ದು ಆಲೆಮನೆ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲು ಸಾಲಾಗಿ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಅಂಥ ಹೊತ್ತಿನಲ್ಲಿ ಯಾವನಾದರೂ ಬಂದು ‘ಪುಡಿ ಹಾಕಬೇಡ’ ಎಂದು ಬುದ್ಧಿ ಹೇಳಿದರೆ ಸಿಟ್ಟು ಬರುವುದು ಸಹಜ. ಸಿಟ್ಟು ಬರಲಿ, ಲೆಕ್ಕವನ್ನೂ ನೋಡೋಣ.

ಸರ್ಕಾರದ ಲೆಕ್ಕ ಹೀಗಿದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಪಾಲು ಮೀರಬಾರದು. ಅಂದರೆ ಒಂದು ಕಿಲೋ ಬೆಲ್ಲದಲ್ಲಿ 70 ಮಿಲಿಗ್ರಾಂ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಿಂದ ಬಂದ ಮಿತಿ ಇದು. ಆ ಕಾಯ್ದೆಯ ಜಾಗಕ್ಕೆ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, 2011ರ ಆಗಸ್ಟಿನಿಂದ ಅದರ ನಿಯಮಗಳು ಜಾರಿಯಾದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೂರು ಕಿಲೋ ಬೆಲ್ಲ ಇಳಿಯುವ ಕೊಪ್ಪರಿಗೆಯಲ್ಲಿ ಕೊನೆಗೆ ಉಳಿಯಬಹುದಾದದ್ದು ಒಟ್ಟು ಏಳು ಗ್ರಾಂ. ನಮ್ಮ ಬೆಲ್ಲ ಕಾಯಿಸುವಾತ ಕೈಯಂದಾಜಿನಲ್ಲಿ ಎರಚುವ ಒಂದು ಹಿಡಿಯನ್ನೂ ಈ ಏಳು ಗ್ರಾಮನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಈ ಗೆರೆಯನ್ನು ಯಾರು ಎಳೆದರು, ಹೇಗೆ ಎಳೆದರು ಎಂಬುದು ನಮಗೆ ತಿಳಿಯಬೇಕು. ತಿಳಿಯದಿದ್ದರೆ ಅದು ಇನ್ನೊಂದು ದೆಹಲಿ ಹುಕುಂ ಅಷ್ಟೇ. ವಿಧಾನ ಸರಳವಾಗಿದೆ. ಇಲಿಗಳಿಗೆ ಬಹಳ ಕಾಲ ಆ ವಸ್ತುವನ್ನು ತಿನ್ನಿಸಿ, ಯಾವ ಪ್ರಮಾಣದವರೆಗೆ ಕೇಡು ಕಾಣಲಿಲ್ಲ ಎಂದು ನೋಡುತ್ತಾರೆ. ಗಂಧಕದ ಡೈಆಕ್ಸೈಡಿಗೆ ಅದು ಇಲಿಯ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 70 ಮಿಲಿಗ್ರಾಂ ಎಂದು ಬಂತು. ಇಲಿ ಬೇರೆ ಮನುಷ್ಯ ಬೇರೆ ಎಂದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೂ ಗಟ್ಟಿಗ ಬೇರೆ, ಕೂಸು ಬೇರೆ, ರೋಗಿ ಬೇರೆ ಎಂದು ಮತ್ತೆ ಹತ್ತರಿಂದ ಭಾಗಿಸುತ್ತಾರೆ. ಉಳಿದದ್ದು 0.7 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1970ರ ದಶಕದಲ್ಲಿ ಇಟ್ಟ ಲೆಕ್ಕ ಇದು.

ಈಗ ನಿಮ್ಮ ಮನೆಯ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ. ಹದಿನೈದು ಕಿಲೋ ತೂಗುವ ಮಗು ಎನ್ನಿ. ಅದಕ್ಕೆ ದಿನಕ್ಕೆ ಹತ್ತೂವರೆ ಮಿಲಿಗ್ರಾಂ ಮಿತಿ. ಬೆಲ್ಲ 70ರ ಗೆರೆಯೊಳಗೆ ಇದ್ದರೆ ಮಗು 150 ಗ್ರಾಂ ತಿಂದರೂ ಮಿತಿ ದಾಟುವುದಿಲ್ಲ, ಅಷ್ಟು ಯಾವ ಮಗುವೂ ತಿನ್ನುವುದಿಲ್ಲ. ಅದೇ ಬೆಲ್ಲ ಗೆರೆಗಿಂತ ಹತ್ತು ಪಟ್ಟು ಮೀರಿದ್ದರೆ ಹದಿನೈದು ಗ್ರಾಂ ಸಾಕು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ಪೊಟ್ಟಣದಲ್ಲೇ ಅದು ಮುಗಿದುಹೋಗುತ್ತದೆ. ಅರವತ್ತು ಕಿಲೋ ತೂಗುವ ನಿಮಗೆ ನನಗೆ ಅದೇ ಬೆಲ್ಲ ಅರವತ್ತು ಗ್ರಾಂವರೆಗೆ ನಡೆಯುತ್ತದೆ. ‘ನಾವು ತಿಂದು ಗಟ್ಟಿಯಾಗಿಲ್ವಾ’ ಎನ್ನುವ ವಾದ ಎಲ್ಲಿ ಬೀಳುತ್ತದೆ ನೋಡಿದಿರಾ? ನಾವು ಗಟ್ಟಿ ಇರಬಹುದು. ಗೆರೆ ಎಳೆಯುವುದು ನಮಗಾಗಿ ಅಲ್ಲ. ಉಬ್ಬಸದ ರೋಗಿಗಳಲ್ಲಿ ಕೆಲವರಿಗೆ ಈ ವಸ್ತು ಸ್ವಲ್ಪ ಹೋದರೂ ಉಸಿರು ಕಟ್ಟುತ್ತದೆ ಎಂಬುದು ವೈದ್ಯರಿಗೆ ತಿಳಿದ ಮಾತು.

ಗೆರೆ ಒಮ್ಮೆ ಎಳೆದರೆ ಶಾಶ್ವತ ಎಂದೂ ತಿಳಿಯಬೇಡಿ. 2022ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಈ 0.7ರ ಲೆಕ್ಕವನ್ನೇ ಹಿಂದಕ್ಕೆ ತೆಗೆದುಕೊಂಡಿತು. ನರಗಳ ಮೇಲಿನ ಪರಿಣಾಮ ನೋಡಿದರೆ ಇದು ಸಾಕಷ್ಟು ಭದ್ರ ಎನ್ನಲು ಪುರಾವೆ ಸಾಲದು, ಹೆಚ್ಚು ತಿನ್ನುವವರ ವಿಷಯದಲ್ಲಿ ಆತಂಕ ಇದೆ ಎಂದಿತು. ನಾಳೆ ನಮ್ಮಲ್ಲೂ 70 ಎಂಬುದು ಇನ್ನೂ ಕೆಳಗಿಳಿಯಬಹುದು. ಇಂದಿನ ಗೆರೆಯನ್ನೇ ಅಳೆಯಲು ಬಾರದ ನಾವು ಅವತ್ತು ಏನು ಮಾಡುತ್ತೇವೆ?

ನೀರಿನಲ್ಲೂ ಇದೇ ಕಥೆ. 2012ರ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡಿಗಾದರೆ ಒಂದು ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಎಂದು ಸಡಿಲಿಕೆ ಕೊಟ್ಟಿದ್ದಾರೆ. ನೈಟ್ರೇಟಿಗೆ ಆ ಸಡಿಲಿಕೆ ಇಲ್ಲ. ಯಾಕೆಂದರೆ ಆ ಗೆರೆ ನಿಂತಿರುವುದು ಆರು ತಿಂಗಳೊಳಗಿನ ಕೂಸಿನ ಮೇಲೆ. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯರೊಬ್ಬರು, ಹಳ್ಳಿಯ ಬಾವಿ ನೀರಿನಲ್ಲಿ ಹಾಲು ಬೆರೆಸಿ ಕುಡಿಸಿದ ಕೂಸುಗಳು ನೀಲಿಗಟ್ಟಿದ್ದನ್ನು ಬರೆದರು. ನೈಟ್ರೇಟು ಹೊಟ್ಟೆಯಲ್ಲಿ ಮಾರ್ಪಟ್ಟು, ರಕ್ತ ಉಸಿರನ್ನು ಹೊರದಂತೆ ಮಾಡುತ್ತದೆ. ನಮ್ಮ ನಾಲಾ ಬಯಲಿನಲ್ಲಿ ಎಕರೆಗೆ ಎಷ್ಟು ಮೂಟೆ ಯೂರಿಯಾ ಸುರಿಯುತ್ತೇವೆ ಎಂಬುದನ್ನು ನಿಮಗೆ ಬೇರೆಯವರು ಹೇಳಬೇಕಿಲ್ಲ. ಬೆಳೆ ಉಂಡು ಮಿಕ್ಕದ್ದು ಬೋರಿಗೆ ಇಳಿಯುತ್ತದೆ. ಕುದಿಸಿದರೆ ಹೋಗುತ್ತದೆ ಎಂದು ಹೆಣ್ಣುಮಕ್ಕಳು ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಕೂಸು ಇರುವ ಮನೆಯವರು ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಇದು ನನ್ನ ಕೈಮುಗಿದ ವಿನಂತಿ.

‘ಮಿತಿ ಗಿತಿ ಎಲ್ಲಾ ದೊಡ್ಡ ಕಂಪನಿಯವರ ಆಟ ಕಣ್ರಪ್ಪ, ಸಣ್ಣ ಆಲೆಮನೆ ಮುಚ್ಚಿಸೋಕೆ’ ಎಂದು ಮಳವಳ್ಳಿಯ ಸಭೆಯೊಂದರಲ್ಲಿ ಹಿರಿಯರೊಬ್ಬರು ಅಂದರು. ಅದರಲ್ಲಿ ಅರ್ಧ ಸತ್ಯ ಇದೆ. ಸಕ್ಕರೆ ಕಾರ್ಖಾನೆಗಳೂ ಗಂಧಕ ಸುಟ್ಟ ಹೊಗೆಯಿಂದಲೇ ಕಬ್ಬಿನ ರಸವನ್ನು ಬೆಳ್ಳಗೆ ಮಾಡುತ್ತವೆ. ಆದರೆ ಅಲ್ಲಿ ಲ್ಯಾಬ್ ಇದೆ, ಸಂಬಳದ ಕೆಮಿಸ್ಟ್ ಇದ್ದಾನೆ, ಕಾಗದ ಸರಿಯಾಗಿರುತ್ತದೆ. ನಮ್ಮ ಹತ್ತಿರ ತಗಡಿನ ಡಬ್ಬಿ ಇದೆ. ದಾಳಿ ಬಂದಾಗ ಸಿಕ್ಕಿಬೀಳುವವನು ಡಬ್ಬಿ ಇಟ್ಟವನು. ಪುಡಿ ಮಾರಿದ ಅಂಗಡಿಯವನಲ್ಲ, ಬಣ್ಣ ಕೇಳಿದ ಮಂಡಿಯವನಲ್ಲ. ಗುಣಮಟ್ಟ ಕೆಟ್ಟ ಆಹಾರಕ್ಕೆ ಐದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಅಪಾಯಕಾರಿ ಎಂದು ಸಾಬೀತಾದರೆ ಜೈಲೂ ಉಂಟು. ಐದು ಲಕ್ಷ ಅಂದರೆ ನಮ್ಮಲ್ಲಿ ಎಷ್ಟು ಜನರ ಜಮೀನು ಅಡವಿಗೆ ಹೋಗುತ್ತದೆ?

ಉಳಿದರ್ಧ ಸತ್ಯವನ್ನು ತಿಳಿಯಲು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಂಗವಿಕಲ ಕರುಗಳು ಹುಟ್ಟುತ್ತಿವೆ ಎಂದು ಆ ಊರಿನ ಕನ್ನಡ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ‘ಸರಿಯಾಗಿ ಬಳಸಿದರೆ ಅಪಾಯವಿಲ್ಲ’ ಎಂಬ ಮಾತೇ ಮೇಲಿನಿಂದ ಬರುತ್ತಿತ್ತು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಿನ ಹಳ್ಳಿಗಳೂ ಅದೇ ಪಾಡು ಪಟ್ಟವು. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ನೊಂದವರಿಗೆ ತಲಾ ಐದು ಲಕ್ಷ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ಗಾಳಿಯಲ್ಲಿ ಎಷ್ಟಿದೆ, ನೀರಿನಲ್ಲಿ ಎಷ್ಟಿದೆ ಎಂದು ಅಳೆಯುವ ಅಧಿಕಾರ ಆ ಊರಿನ ಜನರ ಕೈಯಲ್ಲಿ ಇರಲಿಲ್ಲ. ಅಲ್ಲಿ ನಾವು ವಿಷ ಉಂಡವರ ಸಾಲಿನಲ್ಲಿದ್ದೆವು, ಬೆಲ್ಲದಲ್ಲಿ ಉಣಿಸುವವರ ಸಾಲಿನಲ್ಲಿದ್ದೇವೆ. ಅಲ್ಲೊಂದು ನ್ಯಾಯ ಇಲ್ಲೊಂದು ನ್ಯಾಯ ಕೇಳಲು ಬರುವುದಿಲ್ಲ.

ಇನ್ನು ಕೆಲವರು ಕಾಯ್ದೆಯ ಪುಸ್ತಕ ತಿರುವಿ, ರೈತನಿಗೂ ಅವನ ಹೊಲದ ಮಟ್ಟದ ಉತ್ಪನ್ನಕ್ಕೂ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ 18ನೇ ಕಲಂ ತೋರಿಸುತ್ತಾರೆ. ಆ ಕಲಂ ಇರುವುದು ನಿಜ. ಕೋರ್ಟಿನಲ್ಲಿ ವಕೀಲರು ಅದನ್ನು ಹಿಡಿದು ವಾದಿಸಲಿ. ಆದರೆ ಮನೆಗೆ ಬೇರೆ ಕೊಪ್ಪರಿಗೆ ಇಳಿಸುವ ನಾವು ಆ ಕಲಮಿನ ಹಿಂದೆ ಅವಿತುಕೊಂಡರೆ, ನಾಳೆ ಬೀಜದ ಕಂಪನಿ, ಗೊಬ್ಬರದ ಕಂಪನಿಯ ಮುಂದೆ ನಿಂತು ಯಾವ ಮುಖದಿಂದ ಮಾತಾಡುವುದು?

ಹಾಗಾದರೆ ದಾರಿ ಏನು? ದಾರಿ ನಮ್ಮ ಊರಿನ ಹಾಲಿನ ಡೇರಿಯಲ್ಲೇ ಇದೆ. ಹಿಂದೆ ಹಾಲನ್ನು ಕಣ್ಣಲ್ಲಿ ನೋಡಿ, ಬೆರಳಿಗೆ ಹಚ್ಚಿ ಕೊಳ್ಳುತ್ತಿದ್ದರು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ರೇಟು. ಡೇರಿ ಬಂದ ಮೇಲೆ ದಿನಾ ಬೆಳಿಗ್ಗೆ ಫ್ಯಾಟು, ಎಸ್‌ಎನ್‌ಎಫ್ ಅಳೆದು ಚೀಟಿ ಕೊಡುತ್ತಾರೆ, ಆ ಅಳತೆಗೆ ದುಡ್ಡು. ಬೆಲ್ಲಕ್ಕೆ ಇದು ಯಾಕಾಗಬಾರದು? ಸಲ್ಫೈಟ್ ಇದೆಯೇ ಎಂದು ಅಂದಾಜು ನೋಡಲು ಕಾಗದದ ಪಟ್ಟಿಗಳಿವೆ. ಖಚಿತ ಲೆಕ್ಕಕ್ಕೆ ಲ್ಯಾಬ್ ಬೇಕು. 1950ರಿಂದ ಆಹಾರ ಸಂಶೋಧನೆ ನಡೆಸುತ್ತಿರುವ ಸಿ.ಎಫ್.ಟಿ.ಆರ್.ಐ. ಪಕ್ಕದ ಮೈಸೂರಿನಲ್ಲಿದೆ. ರಾಸಾಯನಿಕ ಇಲ್ಲದೆ ಬೆಲ್ಲ ಮಾಡುವ ಕ್ರಮ ಹೇಳಿಕೊಡಲು ವಿ.ಸಿ. ಫಾರಂ ಇದೆ. ಒಂದು ಜಿಲ್ಲೆಗೊಂದು ಉತ್ಪನ್ನ ಎಂಬ ಕೇಂದ್ರದ ಯೋಜನೆಯಲ್ಲಿ ಮಂಡ್ಯಕ್ಕೆ ಹಾಕಿದ ಹೆಸರೂ ಬೆಲ್ಲವೇ. ಹೆಸರು ಇಟ್ಟವರು ಅಳತೆಯನ್ನೂ ಕೊಡಲಿ.

ನಮ್ಮ ಬೇಡಿಕೆಗಳು ಇವು. ಒಂದು, ಮಂಡ್ಯದ ಬೆಲ್ಲದ ಮಾರುಕಟ್ಟೆ ಆವರಣದಲ್ಲೇ ಪರೀಕ್ಷಾ ಕೇಂದ್ರ ತೆರೆದು, ಹರಾಜಿಗೆ ಮುಂಚೆ ಪ್ರತಿ ರಾಶಿಗೂ ಚೀಟಿ ಕೊಡಬೇಕು. ಎರಡು, ದಿನದ ಧಾರಣೆ ಹಲಗೆಯಲ್ಲಿ ಗೆರೆಯೊಳಗಿನ ಬೆಲ್ಲಕ್ಕೆ ಬೇರೆ ಕಾಲಂ ಹಾಕಿ, ಅದಕ್ಕೆ ಮೇಲಿನ ಬೆಲೆ ಬೀಳುವ ಹಾಗೆ ಮಾಡಬೇಕು. ಮೂರು, ಮುಂಗಡಕ್ಕಾಗಿ ಮಂಡಿಯ ಬಾಗಿಲು ಕಾಯುವುದು ತಪ್ಪಬೇಕಾದರೆ, ಪರೀಕ್ಷೆಯಾದ ಬೆಲ್ಲದ ಮೇಲೆ ಸಹಕಾರಿ ಸಂಘಗಳಿಂದ ಅಡಮಾನ ಸಾಲ ಸಿಗಬೇಕು. ನಾಲ್ಕು, ದಂಡ ಹಾಕುವುದಾದರೆ ಆಲೆಮನೆಗೆ ಹೈಡ್ರೋಸ್ ಮಾರುವ ಅಂಗಡಿಯಿಂದ ಶುರುವಾಗಲಿ.

ಐದನೆಯದು ಗೆರೆ ಎಳೆಯುವವರಿಗೆ ಸಂಬಂಧಿಸಿದ್ದು. ದೇಶದ ಆಹಾರ ಪ್ರಾಧಿಕಾರದಲ್ಲಿ ಅಧ್ಯಕ್ಷರ ಜೊತೆ 22 ಜನ ಸದಸ್ಯರು ಇರಬೇಕು, ಅವರಲ್ಲಿ ಇಬ್ಬರು ರೈತ ಸಂಘಟನೆಗಳ ಪರವಾಗಿ ಇರಬೇಕು ಎಂದು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಆ ಇಬ್ಬರು ಯಾರು ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ? ಅವರಲ್ಲಿ ಯಾರಾದರೂ ಬಂದು, ‘ಬೆಲ್ಲದ ಗೆರೆ ಎಷ್ಟಿರಲಿ, ಅದಕ್ಕೆ ನಿಮಗೇನು ಅನುಕೂಲ ಬೇಕು’ ಎಂದು ಮಂಡ್ಯದ ಆಲೆಮನೆಯಲ್ಲಿ ಕೇಳಿದ್ದುಂಟಾ? ಹೊಸ ನಿಯಮಗಳ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ಅದು ಕನ್ನಡದಲ್ಲಿ ಬಂದು ಪಂಚಾಯ್ತಿ ಕಟ್ಟೆಯಲ್ಲಿ ಓದಿಸಿದರೆ ತಾನೇ ನಾವು ಅಭಿಪ್ರಾಯ ಹೇಳುವುದು? ಗೆರೆ ಕಟ್ಟುನಿಟ್ಟಾಗಿರಲಿ, ನಮ್ಮ ತಕರಾರಿಲ್ಲ. ಎಳೆಯುವಾಗ ನಮ್ಮನ್ನು ಕೂರಿಸಿಕೊಂಡು ಎಳೆಯಲಿ, ಅಳೆಯುವ ಸಾಧನವನ್ನು ನಮ್ಮ ಕೈಗೂ ಕೊಡಲಿ. ಕಬ್ಬಿನಲ್ಲಿ ನಾವು ಪಟ್ಟ ಪಾಡು ಗೊತ್ತಲ್ಲ. 2025-26ರ ಸಾಲಿಗೆ ಕೇಂದ್ರ ಕಟ್ಟಿದ ದರ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಇಳುವರಿ ಅಳೆಯುವವರು ಕಾರ್ಖಾನೆಯವರೇ, ಅವರು ಹೇಳಿದ್ದೇ ಲೆಕ್ಕ. ಅಳತೆ ಇನ್ನೊಬ್ಬರ ಕೈಯಲ್ಲಿದ್ದರೆ ಬೆಲೆಯೂ ಅವರ ಕೈಯಲ್ಲೇ.

ಇದೆಲ್ಲ ಸರ್ಕಾರ ಮಾಡುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಯಾವ ಗ್ರಾಹಕನಾದರೂ ಶುಲ್ಕ ಕಟ್ಟಿ ತಾನು ಕೊಂಡ ಆಹಾರವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಹದಿನಾಲ್ಕು ದಿನದಲ್ಲಿ ವರದಿ ಕೊಡಬೇಕು ಎಂದು ಅದೇ ಕಾಯ್ದೆಯಲ್ಲಿದೆ. ಊರಿಗೊಂದು ಸಂಘದ ಘಟಕ ಸೇರಿ, ತಮ್ಮ ಮಾರುಕಟ್ಟೆಯ ಬೆಲ್ಲವನ್ನು ಒಂದು ಸಲವಾದರೂ ಹೀಗೆ ಪರೀಕ್ಷೆ ಮಾಡಿಸಲಿ. ಒಬ್ಬನೇ ಪುಡಿ ಬಿಟ್ಟರೆ ಮಂಡಿಯವನು ಅವನನ್ನು ತುಳಿಯುತ್ತಾನೆ, ನನ್ನನ್ನು ತುಳಿದ ಹಾಗೆ. ಒಂದು ಹೋಬಳಿಯ ಆಲೆಮನೆಗಳೆಲ್ಲ ಒಂದೇ ದಿನ ಡಬ್ಬಿ ಹೊರಗೆ ಎಸೆದರೆ ಮಂಡಿಯವನು ಕಪ್ಪು ಬೆಲ್ಲವನ್ನೇ ಕೊಳ್ಳಬೇಕು, ಬೇರೆ ಬೆಲ್ಲ ಅವನಿಗೆ ಎಲ್ಲಿಂದ ಬರುತ್ತದೆ?

ಬರುವ ಸುಗ್ಗಿಗೆ ಗಾಣ ಹೂಡುವ ಮುಂಚೆ ನಿಮ್ಮ ಊರಿನಲ್ಲಿ ಈ ಮಾತು ಎತ್ತಿ. ಮನೆಯ ಹೆಂಗಸರನ್ನೂ ಕೂರಿಸಿಕೊಂಡು ಎತ್ತಿ, ಯಾಕೆಂದರೆ ಮನೆಯ ಕೊಪ್ಪರಿಗೆಗೆ ಪುಡಿ ಬೇಡ ಎಂದು ಮೊದಲು ಹೇಳಿದವರು ಅವರೇ. ನಮ್ಮ ಊರಿನಲ್ಲಿ ಸಭೆ ಕರೆದಿದ್ದೇವೆ. ಏನು ತೀರ್ಮಾನವಾಯಿತು, ಮಂಡಿಯಲ್ಲಿ ಏನು ರೇಟು ಬಿತ್ತು ಎಂಬುದನ್ನು ನಷ್ಟವಾದರೂ ಮುಚ್ಚಿಡದೆ ಇದೇ ಪತ್ರಿಕೆಯಲ್ಲಿ ಬರೆಯುತ್ತೇನೆ. ನಿಮ್ಮ ಊರಿನ ಸುದ್ದಿಯನ್ನೂ ಬರೆದು ಕಳಿಸಿ.